ಹಾಯಿದೋಣಿಯ ಡೆಕ್ಕಿನ ಗಾಳಿಕಿಂಡಿ: ಗಾಳಿ ಬರಬೇಕು, ನೀರು ಬರಬಾರದು

ಟಿಳಕವಾಡಿ ಹಾಯಿ, ಬೆಳಗಾವಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಮುದ್ರವೇ ಇಲ್ಲದ ಬೆಳಗಾವಿಯಲ್ಲಿ ಕುಳಿತು ಹಾಯಿದೋಣಿಯ ವಿಷಯ ಕೇಳುತ್ತಿರುವುದೇಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಮೂವರು ಗೆಳೆಯರು ಸೇರಿ ಎರಡು ವರ್ಷಗಳ ಹಿಂದೆ ಗೋವಾದಲ್ಲಿ 29 ಅಡಿ ಉದ್ದದ ಹಳೆಯ ಫೈಬರ್ ಯಾಟ್ ಒಂದನ್ನು ಕೊಂಡೆವು. ಅದು ಮಾಂಡೋವಿ ನದಿಯಲ್ಲಿ ಬೋಯ್ (ಲಂಗರು ಹಾಕಿ ತೇಲಿಬಿಟ್ಟ ಗುಂಡು) ಒಂದಕ್ಕೆ ಮೂತಿ ಕಟ್ಟಿಸಿಕೊಂಡು ನಿಂತಿರುತ್ತದೆ. ತಿಂಗಳಿಗೆ ಎರಡು ಸಲ ಶನಿವಾರ ನಸುಕಿನಲ್ಲಿ ಚೋರ್ಲಾ ಘಾಟ್ ಇಳಿದು ಹೋಗುತ್ತೇವೆ, ಭಾನುವಾರ ರಾತ್ರಿ ಊಟದ ಹೊತ್ತಿಗೆ ಮನೆ ಸೇರುತ್ತೇವೆ.

ಮುಂಭಾಗದ ಡೆಕ್ಕಿನ ಮೇಲೆ, ಮಾಸ್ಟಿಗಿಂತ (ಹಾಯಿಕಂಬಕ್ಕಿಂತ) ಮುಂದೆ, ಎಡಬಲಕ್ಕೆ ಒಂದೊಂದು ಗಾಳಿಕಿಂಡಿ ಇದೆ. ಹಳೆಯ ಗ್ರಾಮೊಫೋನಿನ ಕಹಳೆಯಂತೆ ಬಾಗಿರುವ, 4 ಇಂಚು ಬಾಯಿಯ ಬಿಳಿ ಪಿವಿಸಿ ಕೌಲ್ ಮೇಲೆ, ಅದರ ಕೆಳಗೆ ತೇಗದ ಪೆಟ್ಟಿಗೆ. ಪೆಟ್ಟಿಗೆಯ ಉದ್ದ 40 ಸೆಂ.ಮೀ., ಅಗಲ 20, ಎತ್ತರ 12. ಕೌಲ್ ಪೆಟ್ಟಿಗೆಯ ಮುಂದಿನ ತುದಿಯಲ್ಲಿ ಕುಳಿತಿದೆ. ಕ್ಯಾಬಿನ್ನಿಗೆ ಇಳಿಯುವ 8 ಸೆಂ.ಮೀ. ವ್ಯಾಸದ ಕೊಳವೆ ಹಿಂದಿನ ತುದಿಯಲ್ಲಿದೆ. ಆ ಕೊಳವೆ ಪೆಟ್ಟಿಗೆಯ ಒಳಗೆ ಡೆಕ್ಕಿನಿಂದ 3 ಸೆಂ.ಮೀ. ಮಾತ್ರ ಮೇಲೆದ್ದಿದೆ. ನೀರು ಹೊರಹೋಗಲು ಹಿಂದಿನ ಗೋಡೆಯ ನಡುವೆ ಪೆನ್ಸಿಲ್ ದಪ್ಪದ ಒಂದೇ ಒಂದು ತೂತು ಇದೆ.

ಕಳೆದ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ನದೀಮುಖದ ಅಗ್ವಾದ ಕೋಟೆಯನ್ನು ದಾಟಿ ವಾಯವ್ಯದ ಗಾಳಿಗೆ ಎದುರಾಗಿ ಹೊರಟಾಗ, ದೋಣಿಯ ಮೂತಿ ಅಲೆಯೊಳಗೆ ಇಳಿದು ಏಳುತ್ತಿತ್ತು. ನಾನು ಕೆಳಗೆ ಬರ್ತಿನ ಮೇಲಿದ್ದೆ. ಕೊಳವೆಯ ಬಾಯಲ್ಲಿ ಮೊದಲು ಒಂದು ಹನಿ ತೂಗಾಡಿತು, ಅದು ಬೀಳುವ ಮೊದಲೇ ಮುಂದಿನ ಅಲೆಗೆ ತಂಬಿಗೆಯಿಂದ ಸುರಿದಂತೆ ನೀರು ಎದೆಯ ಮೇಲೆ ಬಂತು. ಅರ್ಧ ಗಂಟೆಯಲ್ಲಿ ಗಾದಿ ಹಿಂಡುವ ಹಾಗಾಯಿತು.

ಮಳೆಗಾಲದ ಕಥೆ ಬೇರೆ. ಮೊದಲ ಮಳೆಗಾಲದಲ್ಲಿ ಎಲ್ಲರೂ ಹೇಳುವಂತೆ ಎರಡೂ ಕೌಲ್‌ಗಳ ಬಾಯನ್ನು ಹಿಂದಕ್ಕೆ ತಿರುಗಿಸಿ ಬಂದೆವು. ಆದರೂ ಕ್ಯಾಬಿನ್ನಿನ ನೆಲದಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. ಎರಡನೆಯ ಮಳೆಗಾಲದಲ್ಲಿ ಕೌಲ್ ಕಿತ್ತು ಮುಚ್ಚಳ ಬಿಗಿದೆವು. ನೀರೇನೋ ನಿಂತಿತು, ಆದರೆ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆದಾಗ ಮುಗ್ಗು ವಾಸನೆ ಮುಖಕ್ಕೆ ಹೊಡೆಯಿತು, ಒಳಗಿನ ಚಾವಣಿ, ಲೈಫ್ ಜಾಕೆಟ್, ಗೆಳೆಯ ಬಿಟ್ಟಿದ್ದ ಚರ್ಮದ ಚಪ್ಪಲಿ ಎಲ್ಲದರ ಮೇಲೂ ಹಸಿರು ಬೂಷ್ಟು. ನಮ್ಮ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿಯೇ ಗೋವಾದಲ್ಲಿ ಮಾಂಡೋವಿ ಆಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ನೀರಿಗಾಗಿ ಈ ಭಾಗದ ಜನ ದಶಕಗಳಿಂದ ಹೋರಾಡುತ್ತಿದ್ದಾರೆ, ನಿಮ್ಮ ದೋಣಿಗೆ ಮಾತ್ರ ಕೇಳದೆಯೇ ಬರುತ್ತಿದೆ ಎಂದು ಮನೆಯಲ್ಲಿ ನಗುತ್ತಾರೆ.

ಈವರೆಗೆ ಮಾಡಿದ್ದು ಇಷ್ಟು: ಪೆಟ್ಟಿಗೆಯ ಬುಡಕ್ಕೆ ಸುತ್ತಲೂ ಸಿಲಿಕೋನ್ ಹಚ್ಚಿದೆವು, ಕೌಲಿನ ಬಾಯಿಗೆ ಸೊಳ್ಳೆಜಾಲಿ ಕಟ್ಟಿದೆವು. ಎರಡರಿಂದಲೂ ಪ್ರಯೋಜನವಾಗಲಿಲ್ಲ. ಮುಂದಿನ ಮಳೆಗಾಲಕ್ಕೆ ಇನ್ನು ಮೂರೇ ವಾರ ಉಳಿದಿದೆ. ಈ ಪೆಟ್ಟಿಗೆಗಳನ್ನೇ ಕಿತ್ತೆಸೆದು ಬೇರೆ ಬಗೆಯ ಗಾಳಿಕಿಂಡಿ ಹಾಕಬೇಕೇ, ಅಥವಾ ಇವನ್ನೇ ಸರಿಪಡಿಸಬಹುದೇ?


ಎಂಜಿನ್ ರೂಮ್, ಬಾಗಲಕೋಟೆ ನವನಗರ

ನಮಸ್ಕಾರ. ನಾನು ಸರಕು ಹಡಗುಗಳ ಎಂಜಿನ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಹಾಯಿದೋಣಿಯ ಅನುಭವ ಕಡಿಮೆ, ಆದರೆ ಡೆಕ್ಕಿನ ತೂತಿನಿಂದ ಇಳಿಯುವ ನೀರಿನ ಅನುಭವ ಸಾಕಷ್ಟಿದೆ.

ಏನನ್ನಾದರೂ ಹಚ್ಚುವ ಮೊದಲು ನೀರು ಯಾವ ದಾರಿಯಿಂದ ಬರುತ್ತಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ದಾರಿಗಳು ಮೂರು. ಕೊಳವೆಯ ಒಳಗಿನಿಂದ ಬರಬಹುದು. ಪೆಟ್ಟಿಗೆಯನ್ನೂ ಕೊಳವೆಯನ್ನೂ ಡೆಕ್ಕಿಗೆ ಕೂರಿಸಿದ ಸಂದಿನಿಂದ ಬರಬಹುದು. ಅಥವಾ ಹೊರಗಿನಿಂದ ಬಾರದೆ, ಒಳಗಿನ ಆವಿಯೇ ತಣ್ಣನೆಯ ಮೇಲ್ಮೈಗೆ ತಾಗಿ ಹನಿಯಾಗಿ ಇಳಿಯಬಹುದು. ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟು ನೋಡಿರಿ, ಉಪ್ಪಿದ್ದರೆ ಅಲೆಯ ನೀರು, ಸಪ್ಪಗಿದ್ದರೆ ಮಳೆ ಅಥವಾ ಆವಿ. ಹಡಗಿನಲ್ಲಿ ನಾವು ಮೊದಲು ಮಾಡುತ್ತಿದ್ದ ಪರೀಕ್ಷೆ ಇದೇ, ಇದಕ್ಕೆ ಯಾವ ಉಪಕರಣವೂ ಬೇಡ. ಆದರೆ ತಂಬಿಗೆಯಿಂದ ಸುರಿದಂತೆ ಎದೆಯ ಮೇಲೆ ಬಂದ ನೀರು ಸಂದಿನಿಂದ ಬರುವುದಿಲ್ಲ. ಅದು ಕೊಳವೆಯ ನೀರೇ. ಆದ್ದರಿಂದ ಬುಡಕ್ಕೆ ಸಿಲಿಕೋನ್ ಹಚ್ಚಿದ್ದು ರೋಗ ಒಂದು, ಔಷಧ ಇನ್ನೊಂದು ಎಂಬಂತಾಗಿದೆ.

ತಮ್ಮ ಪೆಟ್ಟಿಗೆ ಡೊರೇಡ್ ಪೆಟ್ಟಿಗೆಯ ವಂಶದ್ದು. ಅಮೆರಿಕದ ಓಲಿನ್ ಸ್ಟೀಫನ್ಸ್ ವಿನ್ಯಾಸ ಮಾಡಿ, 1930ರಲ್ಲಿ ನೀರಿಗಿಳಿದ 52 ಅಡಿಯ ಹಾಯಿದೋಣಿಯ ಹೆಸರು ಡೊರೇಡ್. 1931ರಲ್ಲಿ ಅದು ಅಟ್ಲಾಂಟಿಕ್ ದಾಟುವ ಓಟವನ್ನೂ ಇಂಗ್ಲೆಂಡಿನ ಹೆಸರಾಂತ ಫಾಸ್ಟ್‌ನೆಟ್ ಓಟವನ್ನೂ ಗೆದ್ದಿತು. ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ಹೋಗುವ ಓಟವನ್ನು 1936ರಲ್ಲಿ ಗೆದ್ದು, 2013ರಲ್ಲಿ ಅದೇ ಹಳೆಯ ಮರದ ದೋಣಿ ಮತ್ತೊಮ್ಮೆ ಗೆದ್ದಿತು. ಓಲಿನ್ ಅವರ ತಮ್ಮ ರಾಡ್ ಸ್ಟೀಫನ್ಸ್ ಆ ದೋಣಿಗಾಗಿ ಮಾಡಿದ ಗಾಳಿಪೆಟ್ಟಿಗೆಗೆ ದೋಣಿಯ ಹೆಸರೇ ನಿಂತುಬಿಟ್ಟಿತು. ಅದರ ಯುಕ್ತಿ ಇಷ್ಟೇ: ನೀರನ್ನು ಬಾಗಿಲಲ್ಲಿ ತಡೆಯುವ ಪ್ರಯತ್ನವನ್ನೇ ಅದು ಮಾಡುವುದಿಲ್ಲ. ಗಾಳಿಯೂ ನೀರೂ ಒಟ್ಟಿಗೆ ಒಳಗೆ ಬರಲಿ, ಒಳಗೆ ಬಂದಮೇಲೆ ಬೇರೆಯಾಗಲಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ಭಾರ. ಗಾಳಿಯಂತೆ ಸರಕ್ಕನೆ ತಿರುಗಲು ಅದಕ್ಕೆ ಆಗುವುದಿಲ್ಲ, ಪೆಟ್ಟಿಗೆಯ ನೆಲಕ್ಕೆ ಬಿದ್ದು ತೂತಿನಿಂದ ಡೆಕ್ಕಿಗೆ ಹರಿದುಹೋಗುತ್ತದೆ. ಹಗುರವಾದ ಗಾಳಿ ಮೇಲೇರಿ ಕೊಳವೆಯ ಅಂಚನ್ನು ದಾಟಿ ಕ್ಯಾಬಿನ್ನಿಗೆ ಇಳಿಯುತ್ತದೆ.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಮುಳುಗಡೆಯಾದ ಹಳೆ ಬಾಗಲಕೋಟೆಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಅಡುಗೆಮನೆಯ ಮೇಲಿನ ಬೆಳಕಿಂಡಿಯ ಸುತ್ತ ಗೇಣುದ್ದದ ಕಟ್ಟೆ ಇರುತ್ತಿತ್ತು. ಮಾಳಿಗೆಯ ಮೇಲೆ ಎಷ್ಟೇ ನೀರು ಹರಿದರೂ ಆ ಕಟ್ಟೆ ದಾಟಿ ಒಲೆಯ ಮೇಲೆ ಬೀಳುತ್ತಿರಲಿಲ್ಲ. ಒಮ್ಮೆ ಮಾಳಿಗೆಗೆ ಹೊಸ ಮಣ್ಣು ಹಾಕಿಸಿದಾಗ ಕಟ್ಟೆ ಮೂರು ಬೆರಳಷ್ಟೇ ಉಳಿಯಿತು, ಆ ವರ್ಷದ ಮೊದಲ ಮಳೆಗೇ ಅವ್ವನ ಒಲೆ ಆರಿತು. ತಮ್ಮ 3 ಸೆಂ.ಮೀ. ಕೊಳವೆಯ ವಿಷಯ ಓದಿದಾಗ ನನಗೆ ನೆನಪಾದದ್ದು ಆ ಕಟ್ಟೆ.

ದೊಡ್ಡ ಹಡಗುಗಳಿಗಾದರೆ ಈ ಕಟ್ಟೆಯ ಎತ್ತರವನ್ನು ಹಡಗಿನ ಭಾರದ ಮಿತಿಯನ್ನು ಹೇಳುವ 1966ರ ಅಂತರರಾಷ್ಟ್ರೀಯ ಲೋಡ್ ಲೈನ್ ಒಪ್ಪಂದವೇ ನಿಗದಿಪಡಿಸಿದೆ. ಅಲೆ ಹೆಚ್ಚು ಬಡಿಯುವ ಮುಂಭಾಗದ ಬಯಲು ಡೆಕ್ಕಿನಲ್ಲಿ ಗಾಳಿಕೊಳವೆಯ ಕಟ್ಟೆ ಕನಿಷ್ಠ 900 ಮಿ.ಮೀ., ಅದಕ್ಕಿಂತ ಆಸರೆಯಿರುವ ಜಾಗದಲ್ಲಿ 760 ಮಿ.ಮೀ. ಇರಬೇಕು, ಮುಂಭಾಗದಲ್ಲಿ 4.5 ಮೀಟರಿಗಿಂತ ಎತ್ತರವಿದ್ದರೆ ಮಾತ್ರ ಮುಚ್ಚಳವಿಲ್ಲದಿದ್ದರೂ ನಡೆಯುತ್ತದೆ. ತಮ್ಮ ಚಿಕ್ಕ ದೋಣಿಗೆ ಆ ನಿಯಮ ಅನ್ವಯಿಸುವುದಿಲ್ಲ, ಅಷ್ಟು ಎತ್ತರ ಸಾಧ್ಯವೂ ಇಲ್ಲ. ಆದರೆ ನೀರಿನ ಸ್ವಭಾವ ದೊಡ್ಡ ಹಡಗಿಗೊಂದು, ಚಿಕ್ಕ ದೋಣಿಗೊಂದು ಇರುವುದಿಲ್ಲವಲ್ಲ.


ಉದ್ಯಮಬಾಗ ಪತ್ರಾ ಕೆಲಸ, ಬೆಳಗಾವಿ

ಕಾಕಾ ಅವರು ಮೂಲವನ್ನು ಹೇಳಿಬಿಟ್ಟಿದ್ದಾರೆ, ನಾನು ಲೆಕ್ಕ ಹೇಳುತ್ತೇನೆ. ನನ್ನದು ತಗಡು ಮತ್ತು ವೆಲ್ಡಿಂಗ್ ಕೆಲಸದ ಚಿಕ್ಕ ವರ್ಕ್‌ಶಾಪ್. ಕಾರವಾರದ ಕಡೆಯ ದೋಣಿಗಳಿಗೆ ಇಂಥ ಪೆಟ್ಟಿಗೆಗಳನ್ನು ಮಾಡಿಕೊಟ್ಟಿದ್ದೇನೆ.

ಪೆನ್ಸಿಲ್ ದಪ್ಪದ ತೂತು ಎಂದರೆ ಸುಮಾರು 7 ಮಿ.ಮೀ. ಪೆಟ್ಟಿಗೆಯಲ್ಲಿ 3 ಸೆಂ.ಮೀ. ನೀರು ನಿಂತಾಗ, ಅಂದರೆ ನೀರು ಕೊಳವೆಯ ಅಂಚಿಗೆ ಬಂದಾಗ, ಆ ತೂತಿನಿಂದ ನಿಮಿಷಕ್ಕೆ ಹೆಚ್ಚುಕಡಿಮೆ 1 ಲೀಟರ್ ಹೊರಹೋಗುತ್ತದೆ. ಇನ್ನು ಒಳಗೆ ಬರುವುದನ್ನು ನೋಡಿರಿ. ಪೆಟ್ಟಿಗೆಯ ನೆಲ 40ಕ್ಕೆ 20, ಅಂದರೆ 800 ಚದರ ಸೆಂ.ಮೀ.; 1 ಲೀಟರ್ ಬಿದ್ದರೆ ಮಟ್ಟ ಒಂದೂಕಾಲು ಸೆಂ.ಮೀ. ಏರುತ್ತದೆ. ಎರಡೂವರೆ ಲೀಟರ್ ಬಂದರೆ ಕೊಳವೆ ತುಂಬಿ ಹರಿಯುತ್ತದೆ. 4 ಇಂಚಿನ ಕೌಲ್ ಅಲೆಗೆ ಬಾಯಿ ತೆರೆದು ನಿಂತಾಗ ಒಂದು ಅಲೆಗೆ ಒಂದು ಲೀಟರ್ ನುಂಗುವುದು ದೊಡ್ಡ ಮಾತಲ್ಲ. ಅಲೆ ಬರುವುದು ಆರೆಂಟು ಸೆಕೆಂಡಿಗೆ ಒಂದು, ತೂತು ಕೇಳುವುದು ಲೀಟರಿಗೆ ಒಂದು ನಿಮಿಷ. ಮೂರನೆಯ ಅಲೆಗೆ ತಮ್ಮ ಎದೆ ನೆನೆಯಲೇಬೇಕಿತ್ತು.

ಅದಕ್ಕಿಂತ ದೊಡ್ಡ ತಪ್ಪು ತೂತಿನ ಜಾಗದ್ದು. ಹಾಯಿದೋಣಿ ನೆಟ್ಟಗೆ ನಿಲ್ಲುವುದಿಲ್ಲ, ಗಾಳಿಗೆ ವಾಲುತ್ತದೆ. 25 ಡಿಗ್ರಿ ವಾಲಿದಾಗ ಪೆಟ್ಟಿಗೆಯ ತಗ್ಗಿನ ಮೂಲೆಯಲ್ಲಿ ಸುಮಾರು 4.7 ಸೆಂ.ಮೀ. ನೀರು ನಿಂತಮೇಲಷ್ಟೇ ಅದು ನಡುವಿನ ತೂತಿಗೆ ಮುಟ್ಟುತ್ತದೆ, ಅಂದರೆ ಹತ್ತಿರ ಹತ್ತಿರ 1 ಲೀಟರ್ ನೀರು ಯಾವಾಗಲೂ ಆ ಮೂಲೆಯಲ್ಲಿ ಕೊಡದೊಳಗಿನ ನೀರಿನಂತೆ ತುಳುಕುತ್ತಲೇ ಇರುತ್ತದೆ. ಇದರ ಮೇಲೆ ತೂತು ಇರುವುದು ಹಿಂದಿನ ಗೋಡೆಯಲ್ಲಿ, ಕೊಳವೆಯೂ ಅಲ್ಲೇ. ಬಂದ ನೀರೆಲ್ಲ ಕೊಳವೆಯನ್ನು ಸವರಿಕೊಂಡೇ ಹೊರಗೆ ಹೋಗಬೇಕು. ಮನೆಯ ಬಚ್ಚಲು ದೇವರಕೋಣೆಯ ಆಚೆ ಇದ್ದ ಹಾಗೆ.

ಪೆಟ್ಟಿಗೆಯನ್ನು ಎಸೆಯುವ ಅಗತ್ಯವಿಲ್ಲ. ಕೊಳವೆಯನ್ನು ನೆಲದಿಂದ 8 ಸೆಂ.ಮೀ. ಎತ್ತರಕ್ಕೆ ಏರಿಸಿರಿ, ಪೆಟ್ಟಿಗೆಯ ಮುಚ್ಚಳಕ್ಕೂ ಕೊಳವೆಯ ಅಂಚಿಗೂ ನಡುವೆ 4 ಸೆಂ.ಮೀ. ಉಳಿಯುತ್ತದೆ. ಗಾಳಿಗೆ ಅದು ಧಾರಾಳ, ಏಕೆಂದರೆ ದುಂಡು ಕೊಳವೆಯ ಮೇಲೆ ವ್ಯಾಸದ ಕಾಲುಭಾಗ, ಅಂದರೆ ಇಲ್ಲಿ 2 ಸೆಂ.ಮೀ. ಅಂತರವಿದ್ದರೂ ಕೊಳವೆಯಷ್ಟೇ ದಾರಿ ಸಿಗುತ್ತದೆ. ಕೊಳವೆಯ ಅಂಚನ್ನು ತಂಬಿಗೆಯ ಕಂಠದಂತೆ ಸ್ವಲ್ಪ ಹೊರಕ್ಕೆ ಮಡಚಿಸಿರಿ, ಗೋಡೆ ಹತ್ತಿ ಬರುವ ನೀರನ್ನು ಅದು ಹಿಂದಕ್ಕೆ ಎಸೆಯುತ್ತದೆ. ಕೌಲಿಗೂ ಕೊಳವೆಗೂ ನಡುವೆ ಮುಚ್ಚಳದಿಂದ ಕೆಳಗೆ ಇಳಿಬಿದ್ದ ತಡೆಹಲಗೆ ಇರಲಿ: 8 ಸೆಂ.ಮೀ. ಇಳಿದು, ನೆಲದಿಂದ 4 ಸೆಂ.ಮೀ. ಬಿಟ್ಟು ನಿಲ್ಲಬೇಕು. ಅದರ ಕೆಳಗೆ 80 ಚದರ ಸೆಂ.ಮೀ. ದಾರಿ ಉಳಿಯುತ್ತದೆ, ಕೊಳವೆಯ ಬಾಯಿ ಇರುವುದು 50 ಮಾತ್ರ, ಹೀಗಾಗಿ ಗಾಳಿಗೆ ಉಸಿರು ಕಟ್ಟುವುದಿಲ್ಲ. ತೂತುಗಳು ನಾಲ್ಕು, ನಾಲ್ಕು ಮೂಲೆಗೆ, ಪಕ್ಕದ ಗೋಡೆಗಳಲ್ಲಿ, ನೆಲಕ್ಕೆ ಅಂಟಿಕೊಂಡು, ತಲಾ 15 ಮಿ.ಮೀ. ವಾಲಿದಾಗ ಅವುಗಳಲ್ಲಿ ಎರಡೇ ಕೆಲಸ ಮಾಡುತ್ತವೆ ಎಂದುಕೊಂಡರೂ ಅದೇ 3 ಸೆಂ.ಮೀ. ನೀರಿಗೆ ಆರು ಸೆಕೆಂಡಿನಲ್ಲಿ ಒಂದು ಲೀಟರ್ ಹೊರಗೆ. ಮುಂದಿನ ಗೋಡೆಗೆ ಮಾತ್ರ ತೂತು ಹಾಕಬೇಡಿರಿ, ಅಲೆ ಅಲ್ಲಿಂದಲೇ ನುಗ್ಗುತ್ತದೆ.

ತಗಡು ಬಳಸುವುದಾದರೆ 316 ದರ್ಜೆಯ ಸ್ಟೀಲ್ ಕೇಳಿರಿ. ಅಡುಗೆಮನೆಯ 304 ಉಪ್ಪುಗಾಳಿಗೆ ಚಹಾದ ಕಲೆಯಂತೆ ಕೆಂಪಾಗುತ್ತದೆ.

ಅಂಟಿನ ವಿಷಯದಲ್ಲಿ ನನ್ನ ಪೆಟ್ಟನ್ನು ಹೇಳಿಬಿಡುತ್ತೇನೆ. ಮೊದಲ ಕೆಲಸದಲ್ಲಿ, ಗಟ್ಟಿಯಾಗಿರಲಿ ಎಂದು ಪಾಲಿಯುರಿಥೇನ್ ಅಂಟು ಹಾಕಿ ಪೆಟ್ಟಿಗೆ ಕೂರಿಸಿದೆ. ಎರಡು ವರ್ಷದ ನಂತರ ದುರಸ್ತಿಗೆಂದು ಎಬ್ಬಿಸಲು ಹೋದಾಗ ಪೆಟ್ಟಿಗೆಯ ಜೊತೆಗೆ ಡೆಕ್ಕಿನ ಫೈಬರ್ ಪದರವೂ ಅಂಗೈಯಗಲ ಎದ್ದು ಬಂತು. ಆ ದುರಸ್ತಿಯ ಖರ್ಚು ನನ್ನ ಕೈಯಿಂದ ಹೋಯಿತು. ಬಿಚ್ಚಬೇಕಾಗಿ ಬರುವ ವಸ್ತುವಿಗೆ, ಗಟ್ಟಿಯಾಗದೆ ಮೆತ್ತಗೇ ಉಳಿಯುವ ಬ್ಯುಟೈಲ್ ಟೇಪ್ ಸಾಕು. ಸಿಲಿಕೋನನ್ನು ಪೂರ್ತಿ ಕೆರೆದು ತೆಗೆಯಿರಿ, ಅದರ ಜಿಡ್ಡು ಉಳಿದ ಕಡೆ ಆಮೇಲೆ ಏನೂ ಹಿಡಿಯುವುದಿಲ್ಲ. ಡೆಕ್ಕಿನ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರ ಅಥವಾ ಪ್ಲೈವುಡ್ ಇದ್ದರೆ, ಸ್ಕ್ರೂ ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ಅಂಟು ತುಂಬಿ, ಅದು ಗಟ್ಟಿಯಾದ ಮೇಲೆ ಅದರೊಳಗೆ ಹೊಸ ತೂತು ಕೊರೆಯಬೇಕು. ಇಲ್ಲವಾದರೆ ನೀರು ಕ್ಯಾಬಿನ್ನಿಗೆ ಬಾರದೆ ಡೆಕ್ಕಿನ ಹೊಟ್ಟೆಗೆ ಇಳಿಯುತ್ತದೆ, ಮರ ಒಳಗೊಳಗೇ ಕೊಳೆತು ಡೆಕ್ ಮೆತ್ತಗಾಗುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ.


ಇಂಡಿ ರಸ್ತೆ, ವಿಜಯಪುರ

ಇಷ್ಟು ತಾಪತ್ರಯವೇಕೆ ಎಂಬುದು ನನ್ನ ಸಂದೇಹ. ಅಣಬೆಯಾಕಾರದ ತಗ್ಗು ಗಾಳಿಕಿಂಡಿಗಳು ಸಿಗುತ್ತವೆ. ಸೋಲಾರ್ ಫ್ಯಾನ್ ಇರುವವೂ ಇವೆ. ತಿರುಗಿಸಿದರೆ ಮುಚ್ಚಿಕೊಳ್ಳುತ್ತವೆ, ಕಾಲಿಗೆ ಹಗ್ಗಕ್ಕೆ ತೊಡಕಾಗುವುದಿಲ್ಲ. ನೂರು ವರ್ಷದ ಹತ್ತಿರ ಬಂದ ಪೆಟ್ಟಿಗೆಯ ಯುಕ್ತಿಗೆ ಇನ್ನೂ ಏಕೆ ಜೋತುಬೀಳಬೇಕು?


ನೌಕಾಪಡೆ ನಿವೃತ್ತ, ಸಿಂದಗಿ, ವಿಜಯಪುರ ಜಿಲ್ಲೆ

ಇಂಡಿ ರಸ್ತೆಯ ತಮ್ಮನ ಮಾತಿನಲ್ಲಿ ಅರ್ಧ ಸತ್ಯವಿದೆ. ನಿಂತ ದೋಣಿಗೆ, ಮುಖ್ಯವಾಗಿ ಶೌಚಾಲಯ ಮತ್ತು ಅಡುಗೆಯ ಮೂಲೆಯ ಗಾಳಿಯನ್ನು ಹೊರಹಾಕುವುದಕ್ಕೆ, ಸೋಲಾರ್ ಅಣಬೆ ಒಳ್ಳೆಯದೇ. ಆದರೆ ಅದು ಡೆಕ್ಕಿಗೆ ಅಂಟಿಕೊಂಡು ಕುಳಿತಿರುತ್ತದೆ, ಗಾಳಿಯನ್ನು ಎದೆಗೊಟ್ಟು ಹಿಡಿಯುವ ಬಾಯಿ ಅದಕ್ಕಿಲ್ಲ. ಮೂತಿಯ ಮೇಲೆ ಅಲೆಯ ನೀರು ಇಡಿಯಾಗಿ ಹರಿಯುವಾಗ ಅದನ್ನು ಮುಚ್ಚಲೇಬೇಕು. ಮುಚ್ಚಿದ ಕ್ಯಾಬಿನ್ನಿನಲ್ಲಿ, ವಾಲಿದ ದೋಣಿಯಲ್ಲಿ, ಡೀಸೆಲ್ ವಾಸನೆಯ ನಡುವೆ ಒಂದು ಗಂಟೆ ಮಲಗಿ ನೋಡಿದವರು ಡೊರೇಡ್ ಪೆಟ್ಟಿಗೆಯನ್ನು ಹಳೆಯದೆಂದು ತಳ್ಳಿಹಾಕುವುದಿಲ್ಲ. ನಾನು ಸೇವೆಯಲ್ಲಿದ್ದಾಗ ಕೆಲವು ವರ್ಷ ಹಾಯಿದೋಣಿಗಳಲ್ಲಿ ಓಡಾಡಿದ್ದೇನೆ, ವಾಂತಿ ಬರಿಸುವುದು ಅಲೆಗಿಂತ ಹೆಚ್ಚಾಗಿ ಕೆಟ್ಟ ಗಾಳಿ ಎಂದು ಹೇಳಬಲ್ಲೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಟಿಳಕವಾಡಿಯವರ ಮೊದಲ ಮಳೆಗಾಲ. ಕೌಲ್ ಹಿಂದಕ್ಕೆ ತಿರುಗಿಸಿದರೂ ನೀರು ಬಂತು ಎಂದಿದ್ದೀರಿ. ತಿರುಗಿಸಿದ್ದರಿಂದಲೇ ಬಂತು ಎನ್ನುತ್ತೇನೆ ನಾನು. ಬಯಲು ಸಮುದ್ರದಲ್ಲಿ ಲಂಗರು ಹಾಕಿದ ದೋಣಿ ಗಾಳಿಗೆ ಮೂತಿ ಕೊಟ್ಟು ನಿಲ್ಲುತ್ತದೆ, ಹೀಗಾಗಿ ಹಿಂದಕ್ಕೆ ತಿರುಗಿದ ಕೌಲಿಗೆ ಮಳೆ ತಾಗುವುದಿಲ್ಲ. ನದಿಯಲ್ಲಿ ಹಾಗಲ್ಲ. ಮಳೆಗಾಲದ ಮಾಂಡೋವಿ ಪಣಜಿಯ ಮುಂದೆ ಪಶ್ಚಿಮಕ್ಕೆ, ಸಮುದ್ರದ ಕಡೆಗೆ ರಭಸದಿಂದ ಹರಿಯುತ್ತದೆ. ಮೂತಿಯನ್ನು ಮಾತ್ರ ಕಟ್ಟಿದ ದೋಣಿ ಗಾಳಿಯನ್ನು ಕೇಳದೆ ಆ ಸೆಳವನ್ನು ಕೇಳುತ್ತದೆ, ಅಂದರೆ ಮೂತಿಯನ್ನು ಪೂರ್ವಕ್ಕೆ ಮಾಡಿ ನಿಲ್ಲುತ್ತದೆ. ಮುಂಗಾರಿನ ಗಾಳಿ ಬರುವುದು ಪಶ್ಚಿಮ ಮತ್ತು ನೈರುತ್ಯದಿಂದ, ಅಂದರೆ ದೋಣಿಯ ಬೆನ್ನಿನಿಂದ. ಹಿಂದಕ್ಕೆ ತಿರುಗಿಸಿದ ಎರಡೂ ಕೌಲ್‌ಗಳು ದಿನದ ಬಹುಭಾಗ ಬಾಯ್ದೆರೆದು ಮಳೆಯನ್ನೇ ಕುಡಿದಿವೆ. ಗೋವಾದ ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಮಳೆ 3,000 ಮಿ.ಮೀ.ನ ಆಸುಪಾಸು, ನಮ್ಮ ವಿಜಯಪುರದಲ್ಲಿ ಬೀಳುವುದು ಅದರ ಐದನೆಯ ಒಂದು ಪಾಲು. ಅಷ್ಟು ನೀರಿಗೆ ಪೆನ್ಸಿಲ್ ತೂತು ಏನು ಮಾಡೀತು?

ಆದ್ದರಿಂದ ಮಳೆಗಾಲಕ್ಕೆ ಕೌಲಿನ ದಿಕ್ಕನ್ನು ನಂಬಬೇಡಿರಿ. ಮಾಸ್ಟಿನಿಂದ ಮೂತಿಯ ತಂತಿಯವರೆಗೆ ಹಗ್ಗ ಎಳೆದು, ಅದರ ಮೇಲೆ ತಾಡಪತ್ರಿಯನ್ನು ಡೇರೆಯಂತೆ ಹಾಕಿ, ಎರಡೂ ಬದಿಯ ಕಂಬಿಗಳಿಗೆ ಬಿಗಿಯಾಗಿ ಕಟ್ಟಿರಿ. ಮುಂದಿನ ಹಿಂದಿನ ತುದಿಗಳು ತೆರೆದಿರಲಿ. ತಾಡಪತ್ರಿಯ ಕೆಳಗೆ ಒಂದು ಕೌಲ್ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಮುಖ ಮಾಡಿರಲಿ. ಗಾಳಿ ಎತ್ತಲಿಂದ ಬಂದರೂ ಒಂದು ಒಳಗೆ ಎಳೆದರೆ ಇನ್ನೊಂದು ಹೊರಗೆ ತೆಗೆಯುತ್ತದೆ. ಎರಡೂ ಒಂದೇ ಕಡೆ ನೋಡುತ್ತಿದ್ದರೆ ಗಾಳಿಗೆ ಹೊರಹೋಗುವ ದಾರಿ ಇರುವುದಿಲ್ಲ, ಬೂಷ್ಟಿಗೆ ಅಷ್ಟೇ ಸಾಕು. ಒಳಗೆ ಗಾದಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಕಪಾಟುಗಳ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಬನ್ನಿರಿ.

ಓಡುವ ದೋಣಿಗೆ ಬೇರೆ ಮಾತು. ಮೂತಿಯ ಮೇಲೆ ಹನಿ ಚಿಮ್ಮುತ್ತಿದ್ದರೆ ಗಾಳಿಯ ಕಡೆಯ ಕೌಲನ್ನು ಹಿಂದಕ್ಕೆ ತಿರುಗಿಸಿದರೆ ಸಾಕು. ಡೆಕ್ಕಿನ ಮೇಲೆ ನೀರು ಇಡಿಯಾಗಿ ಹರಿಯತೊಡಗಿದರೆ ಯಾವ ಪೆಟ್ಟಿಗೆಯನ್ನೂ ನಂಬದೆ ಕೌಲ್ ಕಿತ್ತು ಮುಚ್ಚಳ ತಿರುಗಿಸಬೇಕು, ಮತ್ತು ಆ ಮುಚ್ಚಳ ಕಪಾಟಿನ ತಳದಲ್ಲಿರದೆ ಪೆಟ್ಟಿಗೆಯ ಪಕ್ಕದಲ್ಲೇ ದಾರ ಕಟ್ಟಿಸಿಕೊಂಡು ಇರಬೇಕು. ಇನ್ನೊಂದು ಅನುಕೂಲವನ್ನೂ ಮಾಡಿಸಿಕೊಳ್ಳಿರಿ: ಪೆಟ್ಟಿಗೆಯ ಮುಚ್ಚಳದಲ್ಲಿ ಕೊಳವೆಯ ನೇರ ಮೇಲಕ್ಕೆ ಇನ್ನೊಂದು ತಿರುಪು ಬಾಯಿ. ಬೇಸಿಗೆಯ ರಾತ್ರಿ ಲಂಗರಿನಲ್ಲಿದ್ದಾಗ ಕೌಲನ್ನು ಅಲ್ಲಿಗೆ ಸ್ಥಳಾಂತರಿಸಿದರೆ ಗಾಳಿ ಯಾವ ತಿರುವೂ ಇಲ್ಲದೆ ನೇರವಾಗಿ ಬರ್ತಿನ ಮೇಲೆ ಬೀಳುತ್ತದೆ. ಸೊಳ್ಳೆಜಾಲಿ ಕೌಲಿನ ಬಾಯಿಗೆ ಬೇಡ. ಅದು ನೀರನ್ನು ತಡೆಯುವುದಿಲ್ಲ, ಉಪ್ಪು ಹಿಡಿದು ಗಾಳಿಯನ್ನು ಮಾತ್ರ ತಡೆಯುತ್ತದೆ. ಕ್ಯಾಬಿನ್ನಿನ ಒಳಗೆ ಕೊಳವೆಯ ತುದಿಗೆ, ತೆಗೆದು ತೊಳೆಯುವಂತೆ ಹಾಕಿರಿ.


ಟಿಳಕವಾಡಿ ಹಾಯಿ, ಬೆಳಗಾವಿ

ಎಲ್ಲ ಹಿರಿಯರಿಗೂ ಋಣಿ. ಈ ಭಾನುವಾರ ಹೋಗಿ ಎರಡೂ ಪೆಟ್ಟಿಗೆಗಳನ್ನು ಎಬ್ಬಿಸಿಕೊಂಡು ಬಂದೆವು. ಮೊದಲು ಕೊಳವೆಯ ಒಳಗಿನ ಗೋಡೆಯನ್ನು ಬೆರಳಿನಿಂದ ಸವರಿ ನಾಲಿಗೆಗೆ ಇಟ್ಟೆ. ಕಾಕಾ ಹೇಳಿದಂತೆ ಉಪ್ಪು. ಬಲಗಡೆಯ ಪೆಟ್ಟಿಗೆಯ ತೂತು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಒಳಗಿನಿಂದ ನೋಡಿದರೆ ಹಳೆಯ ವಾರ್ನಿಶ್ ಪದರ ಪದರವಾಗಿ ತುಂಬಿ ಊದಿನಕಡ್ಡಿ ಮಾತ್ರ ತೂರುವಷ್ಟು ಉಳಿದಿತ್ತು. ಅಂದರೆ ಲೆಕ್ಕದ ನಿಮಿಷಕ್ಕೆ ಒಂದು ಲೀಟರ್ ಸಹ ನಮಗೆ ಸಿಕ್ಕಿರಲಿಲ್ಲ. ನಾವು ನೆನೆದದ್ದು ಬಲಗಡೆಯ ಬರ್ತಿನಲ್ಲೇ ಹೆಚ್ಚು ಎಂಬುದಕ್ಕೂ ಈಗ ಕಾರಣ ಸಿಕ್ಕಿತು.

ನದಿಯ ಸೆಳವಿನ ಮಾತೂ ನಿಜ. ದೋಣಿ ಕಾಯುವ ಹುಡುಗನನ್ನು ಕೇಳಿದರೆ, ಮಳೆಗಾಲದಲ್ಲಿ ಎಲ್ಲ ದೋಣಿಗಳೂ ಊರಿನ ಕಡೆ ಬೆನ್ನು ಮಾಡಿ ಘಾಟ್ ಕಡೆ ನೋಡುತ್ತಿರುತ್ತವೆ ಎಂದ. ಎರಡು ವರ್ಷ ನಾವು ಅದನ್ನು ಗಮನಿಸಿಯೇ ಇರಲಿಲ್ಲ.

ಒಂದು ಸಂದೇಹ ಉಳಿದಿದೆ. ಪಕ್ಕದ ಗೋಡೆಗಳಲ್ಲಿ 15 ಮಿ.ಮೀ. ತೂತುಗಳಿದ್ದರೆ, ಡೆಕ್ಕಿನ ಮೇಲೆ ಅಡ್ಡ ಹರಿಯುವ ನೀರು ಅವುಗಳಿಂದಲೇ ಒಳಗೆ ನುಗ್ಗುವುದಿಲ್ಲವೇ?


ಉದ್ಯಮಬಾಗ ಪತ್ರಾ ಕೆಲಸ, ಬೆಳಗಾವಿ

ನುಗ್ಗುತ್ತದೆ, ಆದರೆ ಅದೇ ತೂತಿನಿಂದ ಹಿಂತಿರುಗುತ್ತದೆ. ಒಳಗಿನ ಮಟ್ಟ 8 ಸೆಂ.ಮೀ. ಮುಟ್ಟದಿರುವುದಷ್ಟೇ ನಮಗೆ ಬೇಕು. ಸಮಾಧಾನವಾಗದಿದ್ದರೆ ಪ್ರತಿ ತೂತಿನ ಹೊರಗೆ ಚಿಪ್ಪಿನಂಥ ಅರ್ಧ ಮುಚ್ಚಳವನ್ನು ಬಾಯಿ ಹಿಂದಕ್ಕೆ ಮಾಡಿ ಕೂರಿಸಿರಿ.

ಡೆಕ್ಕಿಗೆ ಕೂರಿಸುವ ಮೊದಲು ಇಲ್ಲೇ ಪರೀಕ್ಷೆ ಮಾಡಿರಿ, ಘಾಟ್ ಇಳಿದ ಮೇಲೆ ತಪ್ಪು ಕಂಡರೆ ಒಂದು ವಾರ ಹೋಗುತ್ತದೆ. ಒಂದು ಪ್ಲೈವುಡ್ ಹಲಗೆಗೆ ಪೆಟ್ಟಿಗೆ ಮತ್ತು ಕೊಳವೆಯನ್ನು ಕೂರಿಸಿ, ಹಲಗೆಯ ಒಂದು ಬದಿಗೆ ಇಟ್ಟಿಗೆ ಕೊಟ್ಟು 25 ಡಿಗ್ರಿ ವಾಲಿಸಿರಿ. ಕೊಳವೆಯ ಕೆಳಗೆ ಒಣ ದಿನಪತ್ರಿಕೆ ಹಾಸಿ, ಕೌಲಿನ ಬಾಯಿಗೆ ಬಕೆಟ್ ನೀರನ್ನು ಎರಚಿರಿ. ಸುರಿಯಬೇಡಿರಿ, ಎರಚಿರಿ, ಅಲೆ ಸುರಿಯುವುದಿಲ್ಲ.


ಟಿಳಕವಾಡಿ ಹಾಯಿ, ಬೆಳಗಾವಿ

ಮನೆಯ ಹಿತ್ತಲಿನಲ್ಲಿ ನಿನ್ನೆ ಸಂಜೆ ಪರೀಕ್ಷೆ ಮುಗಿಯಿತು. ಕೊಳವೆ ಎತ್ತರಿಸಿ, ನಾಲ್ಕು ತೂತು ಹಾಕಿ, ತಡೆಹಲಗೆ ಇನ್ನೂ ಇಲ್ಲದಿದ್ದಾಗ ಹತ್ತು ಬಕೆಟ್ ಎರಚಿದೆವು. ಪತ್ರಿಕೆಯ ಮೇಲೆ ರೂಪಾಯಿ ನಾಣ್ಯದಗಲದ ಮೂರು ಕಲೆಗಳು ಬಿದ್ದವು. ಮುಚ್ಚಳ ತೆರೆದು ನೋಡಿದಾಗ ಕಾರಣ ತಿಳಿಯಿತು: ನೀರು ನೆಲದಿಂದ ಏರಿರಲಿಲ್ಲ, ಮುಚ್ಚಳದ ಒಳಮೈಯನ್ನು ಹಿಡಿದುಕೊಂಡು ಸಾಲಾಗಿ ಹರಿದು ಬಂದು ಕೊಳವೆಯ ಮೇಲೆ ತೊಟ್ಟಿಕ್ಕಿತ್ತು. ತಡೆಹಲಗೆಯನ್ನು ಇಳಿಬಿಟ್ಟು, ಅದು ಮುಚ್ಚಳಕ್ಕೆ ಕೂಡುವ ಗೆರೆಗೆ ಎಪಾಕ್ಸಿ ತುಂಬಿ, ಮತ್ತೆ ಹತ್ತು ಬಕೆಟ್ ಎರಚಿದೆವು. ನೆರೆಮನೆಯವರು ಗೋಡೆಯ ಮೇಲಿಂದ ಇಣುಕಿ, ಪೆಟ್ಟಿಗೆಗೆ ಸ್ನಾನ ಮಾಡಿಸುತ್ತಿದ್ದೀರೇನು ಎಂದು ಕೇಳಿ ಹೋದರು. ಪತ್ರಿಕೆ ಒಣಗಿದ್ದದ್ದು ಒಣಗಿದಂತೆಯೇ ಇತ್ತು. ಆಮೇಲೆ ಕೌಲಿನ ಮುಂದೆ ಊದಿನಕಡ್ಡಿ ಹಿಡಿದು ರಟ್ಟಿನಿಂದ ಗಾಳಿ ಬೀಸಿದಾಗ ಹೊಗೆ ಕೊಳವೆಯ ಕೆಳಗೆ ಬಂತು.

ತಾಡಪತ್ರಿ ಖಡೇಬಜಾರಿನಲ್ಲಿ ಕೊಂಡಾಗಿದೆ. ಎರಡನೆಯ ಪೆಟ್ಟಿಗೆಯ ಕೆಲಸ ಬುಧವಾರಕ್ಕೆ ಮುಗಿಯುತ್ತದೆ, ಶನಿವಾರ ಎರಡನ್ನೂ ಬ್ಯುಟೈಲ್ ಟೇಪಿನ ಮೇಲೆ ಕೂರಿಸಿ ಬರುತ್ತೇವೆ.